ಅಕೌಂಟ್ ಡಿಸೇಬಲ್ ಆಯ್ತು, ಕ್ಯಾಬ್ ಬರಲಿಲ್ಲ

ಐಟಿ ಅಡ್ಮಿನ್ ಅಂದ್ರೆ ಪ್ರಿಂಟರ್ ರಿಪೇರಿ ಮಾಡೋನು, ಪಾಸ್‌ವರ್ಡ್ ರೀಸೆಟ್ ಮಾಡೋನು ಅಂತಲೇ ಬಹಳ ಜನ ತಿಳಿದಿದ್ದಾರೆ. ನಮ್ಮಮ್ಮನ ಲೆಕ್ಕದಲ್ಲಂತೂ ನಾನು ಇಂಜಿನಿಯರಿಂಗ್ ಓದಿ, ಆನ್ ಆಗದ ಕಂಪ್ಯೂಟರ್‌ಗಳನ್ನು ಆನ್ ಮಾಡಿಕೊಡ್ತಿದ್ದೀನಿ. ತಪ್ಪೇನಿಲ್ಲ, ಅರ್ಧ ದಿನ ಅದೇ ಕೆಲಸ. ಉಳಿದರ್ಧದಲ್ಲಿ ಯಾರಿಗೂ ಹೇಳೋಕಾಗದ ಕೆಲಸಗಳೂ ಇರ್ತವೆ. ಆಫೀಸಿನಲ್ಲಿ ಯಾರ ಕೆಲಸ ಹೋಗ್ತಿದೆ ಅನ್ನೋದು ಎಷ್ಟೋ ಸಲ ಆ ಮನುಷ್ಯನಿಗಿಂತ ಮೊದಲು ನಮಗೆ ಗೊತ್ತಾಗುತ್ತೆ.

ಎರಡು ವಾರದ ಹಿಂದೆ, ಮಂಗಳವಾರ ಸಂಜೆ, ಎಚ್‌ಆರ್‌ನಿಂದ ಒಂದು ಟಿಕೆಟ್ ಬಂತು. ನಾಳೆ ಬೆಳಗ್ಗೆ 11ಕ್ಕೆ ಈ ಅಕೌಂಟ್ ಡಿಸೇಬಲ್ ಮಾಡಿ, ವಿಷಯ ಗೌಪ್ಯ. ಕೆಳಗಿದ್ದದ್ದು ನಮ್ಮ ಮೇಷ್ಟ್ರ ಹೆಸರು. ಮೇಷ್ಟ್ರು ಅನ್ನೋದು ನಾವಿಟ್ಟ ಹೆಸರು. ತೀರ್ಥಹಳ್ಳಿ ಕಡೆಯವರು, ನಲವತ್ತೈದು ದಾಟಿದವರು. ಯಾರಿಗೆ ಏನು ಗೊತ್ತಾಗದಿದ್ರೂ ಬೋರ್ಡ್ ಮುಂದೆ ನಿಂತು ಹೇಳಿಕೊಡೋರು. ನನಗೆ ಪವರ್‌ಶೆಲ್ ಕಲಿಸಿದ್ದೂ ಅವರೇ.

ಟಿಕೆಟ್ ಓದಿ ಹತ್ತು ನಿಮಿಷಕ್ಕೆ ಅವರೇ ಬಂದು ಟೀಗೆ ಕರೆದರು. ಹೋದೆ. "ಏನು ಮಾರಾಯ, ಮುಖ ಹಂಗ್ಯಾಕಿದೆ?" ಅಂದ್ರು. ತಲೆನೋವು ಅಂದೆ.

ಬುಧವಾರ 11ಕ್ಕೆ ಡಿಸೇಬಲ್ ಮಾಡಿದೆ. ಎರಡು ಕ್ಲಿಕ್, ಅಷ್ಟೇ. ಇಂಥ ಸಂದರ್ಭದಲ್ಲಿ ನಾವು ಅಕೌಂಟನ್ನು ತಕ್ಷಣ ಡಿಲೀಟ್ ಮಾಡಲ್ಲ. ಡಿಸೇಬಲ್ ಅಂದ್ರೆ ಮನೆಗೆ ಬೀಗ ಹಾಕಿದ ಹಾಗೆ, ಡಿಲೀಟ್ ಅಂದ್ರೆ ಮನೆ ಕೆಡವಿದ ಹಾಗೆ. ಆಕ್ಟಿವ್ ಡೈರೆಕ್ಟರಿಯಲ್ಲಿ ಡಿಲೀಟ್ ಮಾಡಿ ಅದೇ ಹೆಸರಲ್ಲಿ ಮತ್ತೆ ಅಕೌಂಟ್ ಸೃಷ್ಟಿಸಿದ್ರೂ ಒಳಗಿನ ಗುರುತಿನ ಸಂಖ್ಯೆ ಬೇರೆಯದಾಗಿರುತ್ತೆ, ಹಳೇ ಪರ್ಮಿಷನ್ ಯಾವುದೂ ವಾಪಸ್ ಬರಲ್ಲ.

ಅವತ್ತು ರಾತ್ರಿ 10.40ಕ್ಕೆ ಸಪೋರ್ಟ್ ಶಿಫ್ಟಿನ ಲೀಡ್ ಅಕ್ಕ ಫೋನ್ ಮಾಡಿದ್ರು. "ಶಿಫ್ಟ್ ಮುಗಿದು ಹತ್ತು ನಿಮಿಷ ಆಯ್ತಪ್ಪ, ಒಂದು ಕ್ಯಾಬೂ ಬಂದಿಲ್ಲ. ಟ್ರಾವೆಲ್ಸ್‌ನವರು ಇವತ್ತು ಲಿಸ್ಟೇ ಬಂದಿಲ್ಲ ಅಂತಿದ್ದಾರೆ." ಹದಿನೇಳು ಜನ ಗೇಟಿನ ಹತ್ತಿರ ನಿಂತಿದ್ದಾರೆ, ಅದರಲ್ಲಿ ಹನ್ನೊಂದು ಹೆಣ್ಮಕ್ಕಳು. ಹೊರಗೆ ಮಳೆ ಬೇರೆ.

ಆ ಲಿಸ್ಟ್ ದಿನಾ ಸಂಜೆ 7ಕ್ಕೆ ತಾನಾಗೇ ಹೋಗ್ತಿತ್ತು. ಅದನ್ನು ಯಾರು ಕಳಿಸ್ತಿದ್ರು ಅಂತ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ಮನೆಯಿಂದಲೇ ಲಾಗಿನ್ ಆಗಿ ಸರ್ವರ್‌ನ ಸೆಕ್ಯುರಿಟಿ ಲಾಗ್ ತೆಗೆದೆ. 7 ಗಂಟೆಗೆ ಸರಿಯಾಗಿ ಒಂದು ಈವೆಂಟ್ 4625. ಲಾಗಿನ್ ವಿಫಲವಾದಾಗ ವಿಂಡೋಸ್ ಬರೆಯೋ ನಂಬರ್ ಅದು. ಲಾಗಾನ್ ಟೈಪ್ 4 ಅಂತಿತ್ತು, ಅಂದ್ರೆ ಕೂತು ಟೈಪ್ ಮಾಡಿದ್ದಲ್ಲ, ಟಾಸ್ಕ್ ಶೆಡ್ಯೂಲರ್ ಮಾಡಿದ ಪ್ರಯತ್ನ. ಅದರ ಸಬ್ ಸ್ಟೇಟಸ್ ಕೋಡ್ ನೋಡೋದನ್ನ ಹೊಸಬರು ಮರೀತಾರೆ. ಅದು 6ಎ ಅಂತ ಮುಗಿದ್ರೆ ಪಾಸ್‌ವರ್ಡ್ ತಪ್ಪು, 234 ಅಂತ ಮುಗಿದ್ರೆ ಅಕೌಂಟ್ ಲಾಕ್ ಆಗಿದೆ. ಇಲ್ಲಿ 72 ಇತ್ತು. ಅಕೌಂಟ್ ಡಿಸೇಬಲ್ ಆಗಿದೆ.

ಯಾರ ಅಕೌಂಟ್ ಅಂತ ಬಿಡಿಸಿ ಹೇಳಬೇಕಿಲ್ಲ. ಟ್ರಾನ್ಸ್‌ಪೋರ್ಟ್ ಡೆಸ್ಕಿನವರು ಕೈಯಲ್ಲೇ ಲಿಸ್ಟ್ ಮಾಡಿ ಒದ್ದಾಡ್ತಿದ್ದಾಗ ಮೇಷ್ಟ್ರು ಯಾರೂ ಕೇಳದೆ ಒಂದು ಸ್ಕ್ರಿಪ್ಟ್ ಬರೆದು, ತಮ್ಮದೇ ಐಡಿಯಲ್ಲಿ ಓಡೋಕೆ ಬಿಟ್ಟಿದ್ರು.

ಸುಲಭದ ದಾರಿ ಕಣ್ಣೆದುರಿಗೇ ಇತ್ತು. ಐದು ನಿಮಿಷ ಅಕೌಂಟ್ ಎನೇಬಲ್ ಮಾಡಿ, ಸ್ಕ್ರಿಪ್ಟ್ ಓಡಿಸಿ, ಮತ್ತೆ ಡಿಸೇಬಲ್ ಮಾಡಿದ್ರೆ ಮುಗೀತು. ಕೈ ಮೌಸಿನ ಮೇಲೇ ಇತ್ತು. ಆದ್ರೆ ಬೆಳಗ್ಗೆ ಕೆಲಸ ಕಳೆದುಕೊಂಡವರ ಅಕೌಂಟ್ ರಾತ್ರಿ 11ಕ್ಕೆ ಎನೇಬಲ್ ಆಗಿತ್ತು ಅಂತ ನಾಳೆ ಆಡಿಟ್‌ನಲ್ಲಿ ಕಂಡ್ರೆ, ಅನುಮಾನ ಮೊದಲು ಬೀಳೋದು ಅವರ ಮೇಲೆ. ಬೇಡ ಅಂತ ಬಿಟ್ಟೆ. ನನ್ನ ಐಡಿಯಲ್ಲಿ ಓಡಿಸಿದೆ, ಆಗಲಿಲ್ಲ. ಮೇಲ್ ಪಾಸ್‌ವರ್ಡನ್ನು ಅವರು ನಿಯಮದ ಪ್ರಕಾರ ಎನ್‌ಕ್ರಿಪ್ಟ್ ಮಾಡಿಟ್ಟಿದ್ರು. ಹಾಗೆ ಇಟ್ಟದ್ದನ್ನು ಅದೇ ಯಂತ್ರದಲ್ಲಿ ಅದೇ ಯೂಸರ್ ಮಾತ್ರ ಬಿಡಿಸಬಹುದು. ನಾನು ಅಡ್ಮಿನ್ ಆದ್ರೂ ಅಷ್ಟೇ.

ಸರಿ, ಲಿಸ್ಟನ್ನು ಕೈಯಲ್ಲೇ ಮಾಡೋಣ ಅಂತ ಫೋಲ್ಡರ್ ತೆಗೆದ್ರೆ ಮೂರು ಎಕ್ಸೆಲ್ ಶೀಟು: ರೋಸ್ಟರ್ ಫೈನಲ್, ರೋಸ್ಟರ್ ಫೈನಲ್ ನ್ಯೂ, ರೋಸ್ಟರ್ ಓಕೆ. ನಿಮ್ಮ ಆಫೀಸಲ್ಲೂ ಇದೇ ಕಥೆ ಅಂತ ಗೊತ್ತು ಬಿಡಿ.

ಮೇಷ್ಟ್ರಿಗೆ ಫೋನ್ ಮಾಡದೆ ದಾರಿ ಇರಲಿಲ್ಲ. ಬೆಳಗ್ಗೆ ಬೀಗ ಹಾಕಿದವನು ರಾತ್ರಿ ಅವರ ಬಾಗಿಲನ್ನೇ ತಟ್ಟಬೇಕು. ಎರಡನೇ ರಿಂಗಿಗೇ ಎತ್ತಿದ್ರು. "ಮೇಷ್ಟ್ರೇ..." ಅಂದೆ, ಮುಂದೆ ಮಾತು ಬರಲಿಲ್ಲ. "ಕ್ಯಾಬ್ ಲಿಸ್ಟ್ ಹೋಗಿಲ್ಲ ಅಲ್ವಾ? ಏಳು ಗಂಟೆಗೇ ನೆನಪಾಯ್ತು ಮಾರಾಯ. ಯಾರಿಗೆ ಹೇಳೋದು ಅಂತ ತಿಳೀಲಿಲ್ಲ, ಮೇಲೂ ಇಲ್ಲ, ಚಾಟೂ ಇಲ್ಲ. ನಿನಗೆ ಫೋನ್ ಮಾಡಿದ್ರೆ ನಿನಗೆ ತೊಂದರೆ ಆದೀತು ಅಂತ ಸುಮ್ಮನಾದೆ."

ಶೀಟು 'ಓಕೆ' ಅನ್ನೋದೇ ಸರಿ, 'ಎಲ್' ಅಂತಿದ್ದವರು ರಜೆ, ಅವರನ್ನ ಬಿಡು ಅಂದ್ರು. ಆಮೇಲೆ, "ಏರಿಯಾ ನೋಡಿ ಸುಮ್ಮನೆ ಗುಂಪು ಮಾಡ್ಬೇಡ. ಕೊನೇ ಡ್ರಾಪ್ ಹೆಣ್ಮಕ್ಕಳದ್ದು ಆಗದ ಹಾಗೆ ಜೋಡಿಸು. ಆಗಲ್ಲ ಅಂದ್ರೆ ಆ ಕ್ಯಾಬಿಗೆ ಗಾರ್ಡ್ ಹಾಕ್ಸು. ಸ್ಕ್ರಿಪ್ಟ್‌ನಲ್ಲಿ ಅದನ್ನ ಬರೆದಿದ್ದೆ." ನಾನು ಆಗಲೇ ಏರಿಯಾ ಪ್ರಕಾರ ಗುಂಪು ಮಾಡಿ ಮುಗಿಸಿದ್ದೆ. ಅದರಲ್ಲಿ ಎರಡು ಕ್ಯಾಬಿನ ಕೊನೇ ಹೆಸರು ಹುಡುಗಿಯರದ್ದೇ ಇತ್ತು. ಅಳಿಸಿ ಮತ್ತೆ ಜೋಡಿಸಿದೆ, ಒಂದಕ್ಕೆ ಗಾರ್ಡ್ ಬರೆದೆ. ಕೊನೇ ಕ್ಯಾಬ್ ಹೊರಟಾಗ 11.50.

ಗುರುವಾರ ಬೆಳಗ್ಗೆ ಎಲ್ಲ ಸರ್ವರ್‌ಗಳಲ್ಲೂ ಗೆಟ್-ಶೆಡ್ಯೂಲ್ಡ್‌ಟಾಸ್ಕ್ ಓಡಿಸಿ, ಮನುಷ್ಯರ ಹೆಸರಲ್ಲಿ ಓಡೋ ಟಾಸ್ಕ್‌ಗಳನ್ನೆಲ್ಲ ಪಟ್ಟಿ ಮಾಡಿದೆ. ಇಪ್ಪತ್ತಮೂರು ಸಿಕ್ಕವು. ಎರಡು ನನ್ನದೇ! ಇಂಥದಕ್ಕೆ ಗ್ರೂಪ್ ಮ್ಯಾನೇಜ್ಡ್ ಸರ್ವಿಸ್ ಅಕೌಂಟ್ ಅಂತ ವಿಂಡೋಸ್ ಸರ್ವರ್ 2012ರಿಂದಲೇ ಇದೆ. ಯಾರ ಹೆಸರೂ ಬೇಡ, ಪಾಸ್‌ವರ್ಡ್ ಯಾರಿಗೂ ಗೊತ್ತಿರೋದೂ ಬೇಡ, ಸಾಮಾನ್ಯವಾಗಿ 30 ದಿನಕ್ಕೊಮ್ಮೆ ತಾನೇ ಬದಲಾಗುತ್ತೆ. ಒಂದೊಂದಾಗಿ ಟಾಸ್ಕ್‌ಗಳನ್ನ ಅದಕ್ಕೆ ಬದಲಾಯಿಸ್ತಿದ್ದೀನಿ. ಎಚ್‌ಆರ್ ಟಿಕೆಟ್ ಫಾರಂನಲ್ಲೂ ಹೊಸ ಸಾಲು ಸೇರಿಸಿದ್ದೀವಿ: ಈ ವ್ಯಕ್ತಿಯ ಐಡಿಯಲ್ಲಿ ತಾನಾಗೇ ನಡೆಯುವ ಕೆಲಸ ಏನಾದರೂ ಇದೆಯೇ? ನೀವೂ ಪವರ್ ಆಟೋಮೇಟ್‌ನಲ್ಲಿ ಏನಾದ್ರೂ ಫ್ಲೋ ಮಾಡಿಟ್ಟಿದ್ರೆ ಇವತ್ತೇ ಇನ್ನೊಬ್ಬರನ್ನ ಓನರ್ ಆಗಿ ಸೇರಿಸಿ.

ಆ ರಾತ್ರಿ ಫೋನ್ ಇಡುವಾಗ ಮೇಷ್ಟ್ರು ಒಂದು ಮಾತು ಕೇಳಿದ್ರು. ಮಗಳ ಭರತನಾಟ್ಯದ ಫೋಟೋಗಳು ಆಫೀಸಿನ ಒನ್‌ಡ್ರೈವ್‌ನಲ್ಲಿವೆಯಂತೆ, ಬೇರೆ ಕಾಪಿ ಇಲ್ಲ, ಸಿಗುತ್ತಾ ಅಂತ. ನನ್ನ ಕೈಯಲ್ಲಿ ಅದೂ ಎರಡು ಕ್ಲಿಕ್ಕಿನ ಕೆಲಸ. ಆದ್ರೆ ಅವರ ಫೋಲ್ಡರ್ ತೆರೆಯೋಕೆ ಎಚ್‌ಆರ್ ಅನುಮತಿ ಬೇಕು. ನಮ್ಮಲ್ಲಿ ಡಿಸೇಬಲ್ ಆದ 30 ದಿನಕ್ಕೆ ಅಕೌಂಟ್ ಡಿಲೀಟ್ ಆಗುತ್ತೆ. ಗುರುವಾರವೇ ರಿಕ್ವೆಸ್ಟ್ ಹಾಕಿದೆ, ಎರಡು ಸಲ ನೆನಪಿಸಿದೆ. ಇನ್ನೂ 'ಪೆಂಡಿಂಗ್' ಅಂತಲೇ ತೋರಿಸ್ತಿದೆ. ಡಿಲೀಟ್ ಟಾಸ್ಕ್‌ನಿಂದ ಅವರ ಹೆಸರು ಸದ್ಯಕ್ಕೆ ತೆಗೆದಿಡಿ ಅಂತ ನಮ್ಮ ಮ್ಯಾನೇಜರ್‌ಗೆ ಮೇಲ್ ಬರೆದಿದ್ದೀನಿ. ಸೋಮವಾರ ನೇರ ಎಚ್‌ಆರ್ ಫ್ಲೋರಿಗೇ ಹೋಗ್ತೀನಿ.