"ಉಪ್ಪು ಕಡಿಮೆ ಮಾಡಿ" ಅಂದರೆ ಸಾಲದು, ಎಷ್ಟು ಅಂತ ಹೇಳಿ

ಬಿಪಿ ಇರುವ ಯಾರನ್ನಾದರೂ ಕೇಳಿ ನೋಡಿ, ಡಾಕ್ಟರು ಏನು ಹೇಳಿದರು ಅಂತ. "ಮಾತ್ರೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ ಅಂದ್ರು" ಅಂತಾರೆ. ಎಷ್ಟು ಕಡಿಮೆ? ಗೊತ್ತಿಲ್ಲ. ಯಾವುದರಲ್ಲಿ ಕಡಿಮೆ? ಅದೂ ಗೊತ್ತಿಲ್ಲ. ಮುಂದಿನ ತಿಂಗಳು ಹೋದಾಗ ಬಿಪಿ ಇಳಿದಿರುವುದಿಲ್ಲ. ಆಗ ಬೈಗುಳ ಶುರು: "ನೀವು ಹೇಳಿದ ಮಾತು ಕೇಳಲ್ಲ, ಬಾಯಿ ಕಟ್ಟಲ್ಲ."

ನಾವು ಕೇಳುವುದು ಇಷ್ಟೇ. ಅಳತೆಯನ್ನೇ ಕೊಡದೆ, ಅಳತೆ ಮೀರಿದಿರಿ ಅಂತ ಬೈಯುವುದು ಯಾವ ನ್ಯಾಯ? ಬೆಳೆಗೆ ಔಷಧಿ ಹೊಡೆಯಬೇಕಾದರೆ ಒಂದು ಕ್ಯಾನಿಗೆ ಇಷ್ಟು ಎಂಎಲ್ ಅಂತ ಅಂಗಡಿಯವರು ಹೇಳುತ್ತಾರೆ. ಹಸುವಿಗೆ ದಿನಕ್ಕೆ ಇಷ್ಟು ಕೆಜಿ ಹಿಂಡಿ ಅಂತ ಡೇರಿಯವರು ಹೇಳುತ್ತಾರೆ. ಮನುಷ್ಯರು ತಿನ್ನುವ ಉಪ್ಪಿಗೆ ಮಾತ್ರ ಲೆಕ್ಕವಿಲ್ಲ, ಬರೀ "ಕಡಿಮೆ".

ಲೆಕ್ಕ ಇಲ್ಲದೇನಲ್ಲ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಮಟ್ಟಸವಾಗಿ ಒಂದು ಟೀ ಚಮಚ. ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ಸಾರು, ಉಪ್ಪಿನಕಾಯಿ, ಸಂಜೆಯ ಮಿಕ್ಸ್ಚರು, ರಾತ್ರಿಯ ಮಜ್ಜಿಗೆ ಎಲ್ಲ ಸೇರಿ ಒಂದು ಚಮಚ. ಐಸಿಎಂಆರ್ 2017-18ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಾವು ತಿನ್ನುತ್ತಿರುವುದು ಸರಾಸರಿ 8 ಗ್ರಾಂ. ಹೆಂಗಸರಿಗಿಂತ ಗಂಡಸರು ಹೆಚ್ಚು ತಿನ್ನುತ್ತಾರೆ.

ಉಪ್ಪಿನಲ್ಲಿರುವ ಸೋಡಿಯಂ ಮೈಯಲ್ಲಿ ನೀರು ಹಿಡಿದಿಡುತ್ತದೆ. ರಕ್ತನಾಳದಲ್ಲಿ ಒತ್ತಡ ಏರುತ್ತದೆ. ನೋವಿಲ್ಲ, ಜ್ವರವಿಲ್ಲ, ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಲಕ್ವ ಹೊಡೆದಿರುತ್ತದೆ, ಇಲ್ಲವೇ ಹೃದಯ, ಕಿಡ್ನಿ ಕೈಕೊಟ್ಟಿರುತ್ತವೆ. ದುಡಿಯುವ ಕೈ ಒಂದು ಬಿದ್ದರೆ ಮನೆಯೇ ಕೂತಂತೆ. ಅದಕ್ಕೇ ಇಷ್ಟು ಜೋರಾಗಿ ಹೇಳುತ್ತಿದ್ದೇವೆ.

ಮನೆಯಲ್ಲೇ ಮಾಡಬಹುದಾದ ಒಂದು ಲೆಕ್ಕ ಇಲ್ಲಿದೆ. ಐದು ಜನರ ಮನೆಗೆ ದಿನಕ್ಕೆ 25 ಗ್ರಾಂ ಅಂದರೆ ಒಂದು ಕೆಜಿ ಉಪ್ಪಿನ ಪ್ಯಾಕೆಟ್ 40 ದಿನ ಬರಬೇಕು. 25 ದಿನಕ್ಕೇ ಖಾಲಿಯಾದರೆ ತಲೆಗೆ 8 ಗ್ರಾಂ ಬಿದ್ದಂತಾಯಿತು. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿಡಿ. ಚಿಕ್ಕ ಮಕ್ಕಳಿದ್ದರೆ ಇನ್ನೂ ಹೆಚ್ಚು ದಿನ ಬರಬೇಕು. ಅಂಗಡಿಯಿಂದ ತಂದ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಇದರ ಮೇಲಿನದು, ಮರೆಯಬೇಡಿ.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ಉಪ್ಪಿನ ಮಾತು ಕೇಳಿಸಿಕೊಳ್ಳುವವರು ಮಾವ, ಸಾರಿಗೆ ಉಪ್ಪು ಹಾಕುವವರು ಸೊಸೆ. ಆಕೆಗೆ ಯಾರೂ ಏನೂ ಹೇಳಿರುವುದಿಲ್ಲ. ಉಪ್ಪು ಕಮ್ಮಿಯಾದರೆ "ಸಪ್ಪೆ ಸಾರು" ಅಂತ ಬೈಗುಳ, ಬಿಪಿ ಏರಿದರೂ ಆಕೆಗೇ ಬೈಗುಳ. ಒಬ್ಬರಿಗಾಗಿ ಬೇರೆ ಪಾತ್ರೆ ಇಡುವುದು ನಡೆಯುವ ಮಾತಲ್ಲ. ಇಡೀ ಮನೆಯ ಅಡುಗೆಯಲ್ಲೇ ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿದರೆ ಕೆಲವೇ ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ನಿಂಬೆಹುಳಿ, ಬೆಳ್ಳುಳ್ಳಿ, ಮೆಣಸು, ಕೊತ್ತಂಬರಿ ಇರುವುದು ಇದಕ್ಕೇ. ಊಟಕ್ಕೆ ಕೂತಾಗ ತಟ್ಟೆ ಅಂಚಿಗೆ ಉಪ್ಪು ಬಡಿಸುವುದನ್ನು ಮೊದಲು ಬಿಡಿ.

ಇದರ ನಡುವೆ ವಾಟ್ಸಾಪ್ ವೈದ್ಯರು ಬೇರೆ. ಕಲ್ಲುಪ್ಪು ತಿಂದರೆ ಬಿಪಿ ಬರಲ್ಲವಂತೆ, ಸೈಂಧವ ಲವಣ ಒಳ್ಳೆಯದಂತೆ, ಹುರಿದ ಉಪ್ಪಿನಿಂದ ತೊಂದರೆಯಿಲ್ಲವಂತೆ. ಎಲ್ಲವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಹುರಿದರೆ ಸೋಡಿಯಂ ಹಾರಿಹೋಗುವುದಿಲ್ಲ. ಅಯೋಡಿನ್ ಇರುವ ಉಪ್ಪನ್ನು ಬಿಟ್ಟು ಇವುಗಳ ಹಿಂದೆ ಹೋದರೆ ನಷ್ಟ ನಮಗೇ.

ನಿಜವಾಗಿ ಕೆಲಸಕ್ಕೆ ಬರುವ ಬೇರೆ ಉಪ್ಪು ಒಂದಿದೆ. ಸೋಡಿಯಂ ಸ್ವಲ್ಪ ತೆಗೆದು ಪೊಟ್ಯಾಸಿಯಂ ಸೇರಿಸಿದ್ದು. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಹೆಚ್ಚಿನವರು ಹಿಂದೆ ಲಕ್ವ ಹೊಡೆಸಿಕೊಂಡವರು, ಉಳಿದವರು ಬಿಪಿ ಇದ್ದ ವಯಸ್ಸಾದವರು. 2021ರಲ್ಲಿ ಫಲಿತಾಂಶ ಬಂತು: ಈ ಉಪ್ಪು ತಿಂದವರಲ್ಲಿ ಲಕ್ವ ಶೇ 14ರಷ್ಟು ಕಡಿಮೆ. ಆದರೆ ಕಿಡ್ನಿ ತೊಂದರೆ ಇರುವವರು ಇದನ್ನು ಮುಟ್ಟಬಾರದು. ಕೆಲವು ಬಿಪಿ ಮಾತ್ರೆಗಳ ಜೊತೆಗೂ ಇದು ಅಪಾಯ. ಡಾಕ್ಟರನ್ನು ಕೇಳದೆ ತರಬೇಡಿ.

ಈಗ ಪೊಟ್ಟಣದ ವಿಷಯಕ್ಕೆ ಬರೋಣ. ಊರಿನ ಅಂಗಡಿಯಲ್ಲಿ ಐದು ರೂಪಾಯಿಯ ಕುರುಕಲು ಪೊಟ್ಟಣಗಳು ಮಾಲೆಯಂತೆ ತೂಗುತ್ತವೆ. ಎಷ್ಟು ಉಪ್ಪಿದೆ ಅಂತ ನೋಡಲು ಹೋದರೆ ಹಿಂಬದಿಯಲ್ಲಿ ಇರುವೆಗಾತ್ರದ ಇಂಗ್ಲಿಷ್. ಅಲ್ಲೂ "ಉಪ್ಪು" ಅಂತ ಇರುವುದಿಲ್ಲ, "ಸೋಡಿಯಂ" ಅಂತ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 100 ಗ್ರಾಂ ತಿಂಡಿಯಲ್ಲಿ ಸೋಡಿಯಂ 800 ಮಿಲಿಗ್ರಾಂ ಅಂತಿದ್ದರೆ ಉಪ್ಪು 2 ಗ್ರಾಂ. ಬಿಪಿ ಇರುವ ಅಜ್ಜಿ ಈ ಗಣಿತ ಮಾಡಬೇಕೇ?

ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದ ಪ್ರಕಾರ ಮಾಹಿತಿ ಇಂಗ್ಲಿಷ್‌ನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು. ಕನ್ನಡ ಕಂಪನಿಯ ಇಷ್ಟಕ್ಕೆ ಬಿಟ್ಟಿದ್ದು. ಜಾಹೀರಾತು ಕನ್ನಡದಲ್ಲಿ ಬರುತ್ತದೆ, ಎಚ್ಚರಿಕೆ ಬರುವುದಿಲ್ಲ! ಚಿಲಿ ದೇಶದಲ್ಲಿ 2016ರಿಂದಲೇ ಸೋಡಿಯಂ ಹೆಚ್ಚಿದ್ದರೆ ಪೊಟ್ಟಣದ ಮುಂಭಾಗದಲ್ಲೇ ಕಪ್ಪು ಎಂಟುಮೂಲೆಯ ಗುರುತು ಹಾಕಬೇಕು. ಓದು ಬರದವರಿಗೂ ಅದು ಕಾಣುತ್ತದೆ. ನಮ್ಮಲ್ಲಿ ಮುಂಭಾಗದ ಲೇಬಲ್‌ಗೆ 2022ರಲ್ಲೇ ಕರಡು ಬಂತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಮೂರು ತಿಂಗಳ ಗಡುವು ಕೊಟ್ಟು ಸಮಿತಿಯ ವರದಿ ಕೇಳಬೇಕಾಯಿತು.

"ಬಿಸಿಲಲ್ಲಿ ಬೆವರು ಸುರಿಸುವವರಿಗೆ ಉಪ್ಪು ಬೇಕಲ್ಲವಾ?" ಅಂತ ಕೇಳುವವರಿದ್ದಾರೆ. ಬೇಕು, ಉಪ್ಪು ಪೂರ್ತಿ ಬಿಡಿ ಅಂತ ನಾವು ಹೇಳುತ್ತಿಲ್ಲ. ಆದರೆ ದಿನಾ ಹೆಚ್ಚು ಉಪ್ಪು ತಿನ್ನಲು ಬೆವರು ನೆಪವಾಗಬಾರದು. ಬಿಸಿಲಿಗೆ ಮೊದಲು ಬೇಕಾದ್ದು ನೀರು, ನೆರಳು. ಬೇಸಿಗೆಯಲ್ಲಿ ತಲೆಸುತ್ತು, ಸುಸ್ತು ಕಂಡರೆ ಡಾಕ್ಟರ ಹತ್ತಿರ ಹೋಗಿ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ನಮ್ಮ ಬೇಡಿಕೆ ಮೂರೇ. ಬಿಪಿ ಮಾತ್ರೆ ಕೊಡುವ ಪ್ರತಿ ಆರೋಗ್ಯ ಕೇಂದ್ರದಲ್ಲೂ ಚಮಚ ತೋರಿಸಿ ಅಳತೆ ಹೇಳಲಿ. ಗೃಹ ಆರೋಗ್ಯ ಯೋಜನೆಯಡಿ ಮನೆಗೇ ಬಂದು ಬಿಪಿ ನೋಡುವವರು, ಅಡುಗೆ ಮಾಡುವವರನ್ನೂ ಕೂರಿಸಿಕೊಂಡು ಮಾತಾಡಲಿ. ಕರ್ನಾಟಕದಲ್ಲಿ ಮಾರುವ ಪ್ರತಿ ತಿಂಡಿ ಪೊಟ್ಟಣದ ಮುಂಭಾಗದಲ್ಲಿ ಉಪ್ಪು ಎಷ್ಟು ಅಂತ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರೆಯಲಿ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ಸರಿ, ಕುಡಿಯುತ್ತೇವೆ. ಆದರೆ ಎಷ್ಟು ತಿನ್ನಿಸುತ್ತಿದ್ದೀರಿ ಅಂತ ನಮ್ಮ ಭಾಷೆಯಲ್ಲಿ ಹೇಳಿ ತಿನ್ನಿಸಿ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ "ಕಡಿಮೆ ಮಾಡಿ" ಅಂದರೆ ಸುಮ್ಮನೆ ತಲೆಯಾಡಿಸಿ ಬರಬೇಡಿ. "ಎಷ್ಟು ಅಂತ ಹೇಳಿ ಡಾಕ್ಟ್ರೇ" ಅಂತ ಕೇಳಿ.