ಕೋಶದ ಕಾವಲು ಮುರಿಯುವ ವೈರಾಣು: ಕಾಲಾವಕಾಶವಿದ್ದೂ ಏಕೆ ಈ ಸಾವು?

ಗುರುಮಠಕಲ್: ಗರ್ಭಕಂಠದ ಕ್ಯಾನ್ಸರ್ ದಿಢೀರನೆ ಎರಗುವ ಕಾಯಿಲೆಯಲ್ಲ. ಸೋಂಕು ತಗುಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಆದರೂ 2022ರಲ್ಲಿ ದೇಶದಲ್ಲಿ ಸುಮಾರು 80 ಸಾವಿರ ಮಹಿಳೆಯರು ಇದಕ್ಕೆ ಬಲಿಯಾದರು ಎಂಬುದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು.

ಇದರ ಮೂಲ ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ). ಇದನ್ನು ಪತ್ತೆಹಚ್ಚಿದ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಸಂದಿತು.

ಕಾವಲುಗಾರರ ಮೇಲೆ ದಾಳಿ

ನಮ್ಮ ಜೀವಕೋಶಗಳಲ್ಲಿ ಗಡ್ಡೆ ತಡೆಯುವ ಪ್ರೋಟೀನ್‌ಗಳಿವೆ. ಕೋಶದ ಡಿಎನ್‌ಎ ಕೆಟ್ಟಾಗ ಪಿ53 ಅದರ ವಿಭಜನೆಯನ್ನು ನಿಲ್ಲಿಸುತ್ತದೆ, ಇಲ್ಲವೇ ಕೋಶವನ್ನೇ ಸಾಯಿಸುತ್ತದೆ. ವೈರಾಣುವಿನ ಇ6 ಪ್ರೋಟೀನ್, ಕೋಶದ್ದೇ ಆದ ಒಂದು ಕಿಣ್ವವನ್ನು ಬಳಸಿಕೊಂಡು ಪಿ53ಕ್ಕೆ ನಾಶದ ಗುರುತು ಹಚ್ಚುತ್ತದೆ. ಇ7 ಪ್ರೋಟೀನ್, ವಿಭಜನೆಗೆ ಕಡಿವಾಣ ಹಾಕುವ ಆರ್‌ಬಿಯನ್ನು ಕಟ್ಟಿಹಾಕುತ್ತದೆ. ಹೀಗೆ ತಪ್ಪುಗಳು ತಿದ್ದುವವರಿಲ್ಲದೆ ಒಟ್ಟುಗೂಡುತ್ತವೆ. ಆದರೆ ಹೆಚ್ಚಿನ ಸೋಂಕುಗಳು ಎರಡು ವರ್ಷದೊಳಗೆ ತಾವಾಗಿಯೇ ಅಳಿಯುತ್ತವೆ. ಅಪಾಯವಿರುವುದು ಉಳಿದುಕೊಂಡ ಸೋಂಕಿನಲ್ಲಿ.

ಅವಕಾಶ ಬಳಕೆಯಾಗುತ್ತಿಲ್ಲ

ಪರೀಕ್ಷೆ ದುಬಾರಿಯಲ್ಲ. ಗರ್ಭಕಂಠಕ್ಕೆ ದುರ್ಬಲ ಅಸಿಟಿಕ್ ಆಮ್ಲ ಸವರಿದರೆ ಶಂಕಿತ ಭಾಗ ಬೆಳ್ಳಗಾಗುತ್ತದೆ. ತರಬೇತಿ ಪಡೆದ ಶುಶ್ರೂಷಕಿಯೂ ಇದನ್ನು ಮಾಡಬಲ್ಲರು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಈ ತಪಾಸಣೆಗೆ ಒಳಗಾದವರು ಶೇ 1.9 ಮಾತ್ರ.

ಕೇಂದ್ರವು 2018ರಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಯೆಂದು ಗುರುತಿಸಿದ ಯಾದಗಿರಿಯ ಈ ಗಡಿ ತಾಲ್ಲೂಕಿನಲ್ಲಿ ಪ್ರಶ್ನೆ ಇನ್ನೂ ತೀಕ್ಷ್ಣ. ಹೊಟ್ಟೆಪಾಡಿಗೆ ಬೆಂಗಳೂರು, ಮುಂಬಯಿಗೆ ಗುಳೆ ಹೋಗುವ ಮಹಿಳೆಗೆ ಎರಡನೇ ಬಾರಿ ಬನ್ನಿ ಎಂದರೆ ಆಕೆ ಬರುವುದು ಯಾವಾಗ? ಆದ್ದರಿಂದ ತಪಾಸಣೆ, ಪೂರ್ವಹಂತದ ಚಿಕಿತ್ಸೆ ಒಂದೇ ಭೇಟಿಯಲ್ಲಿ ಮುಗಿಯಬೇಕು. ಶಿಬಿರಗಳು ಗುಳೆ ಹೋದವರು ಊರಿಗೆ ಮರಳುವ ಹೊತ್ತಿಗೇ ನಡೆಯಬೇಕು.

ಮಗಳಿಗೆ ಲಸಿಕೆ, ತಾಯಿಗೆ ತಪಾಸಣೆ

ಸುಮಾರು ಶೇ 70ರಷ್ಟು ಪ್ರಕರಣಗಳಿಗೆ ಕಾರಣವಾದ 16 ಮತ್ತು 18ನೇ ಬಗೆಯ ವೈರಾಣುಗಳನ್ನು ಲಸಿಕೆ ತಡೆಯುತ್ತದೆ. ದೇಶೀಯ ಲಸಿಕೆ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ದೊರೆಯಿತು. ಆದರೆ ಲಸಿಕೆಯು ಈಗಾಗಲೇ ನೆಲೆಯೂರಿದ ಸೋಂಕನ್ನು ಅಳಿಸದು. ಹಾಗಾಗಿ ಹುಡುಗಿಯರ ಲಸಿಕೆಯ ಸಂಭ್ರಮದಲ್ಲಿ ಅವರ ತಾಯಂದಿರನ್ನು ಮರೆಯುವಂತಿಲ್ಲ. ವೈರಾಣು ಕೊಡುವ ಇಷ್ಟು ವರ್ಷಗಳ ಗಡುವನ್ನು ವ್ಯವಸ್ಥೆ ವ್ಯರ್ಥ ಮಾಡಿದರೆ, ಆ ಸಾವಿನ ಹೊಣೆಯನ್ನು ವೈರಾಣುವಿನ ಮೇಲೆ ಮಾತ್ರ ಹೊರಿಸಲಾಗದು.