ಮನೆ ಬಾಡಿಗೆಯ ಮುಂಗಡ: ಉದ್ಯಮಕ್ಕೂ ಹೊರೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವುದು ನೌಕರನ ಖಾಸಗಿ ಸಂಕಷ್ಟವಾಗಿ ಮಾತ್ರ ಉಳಿದಿಲ್ಲ. ಸಣ್ಣ ಉದ್ದಿಮೆದಾರರ ಸಮಸ್ಯೆಯೂ ಆಗಿದೆ. ಪೀಣ್ಯದ ಕಾರ್ಮಿಕನೊಬ್ಬ ಮಾಸಿಕ 12,000 ರೂ. ಬಾಡಿಗೆಯ ಮನೆ ಗೊತ್ತುಮಾಡಿದನೆಂದು ಇಟ್ಟುಕೊಂಡರೆ, ನಗರದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಹತ್ತು ತಿಂಗಳ ಮುಂಗಡವೇ 1,20,000 ರೂ. ಆಗುತ್ತದೆ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ, ಮೊದಲ ತಿಂಗಳ ಬಾಡಿಗೆ ಸೇರಿದರೆ ಬೀಗದ ಕೈ ದೊರೆಯುವ ಮುನ್ನವೇ 1,44,000 ರೂ. ಹೊಂದಿಸಬೇಕು. ಇಷ್ಟು ಹಣಕ್ಕಾಗಿ ಆತ ಸಾಲಗಾರನನ್ನೋ ಕಾರ್ಖಾನೆಯ ಮಾಲೀಕನನ್ನೋ ಆಶ್ರಯಿಸುತ್ತಾನೆ. ಮಾಲೀಕ ಸಂಬಳದ ಮೇಲೆ ಮುಂಗಡ ಕೊಟ್ಟರೆ, ಕಚ್ಚಾಮಾಲಿಗೆ ವಿನಿಯೋಗವಾಗಬೇಕಾದ ದುಡಿಯುವ ಬಂಡವಾಳ ಮನೆಯೊಡೆಯರ ಕೈಯಲ್ಲಿ ಬಡ್ಡಿಯಿಲ್ಲದೆ ನಿಲ್ಲುತ್ತದೆ.

1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಮಧ್ಯವರ್ತಿಗಳ ನೋಂದಣಿಗೆ ಅವಕಾಶವಿದೆ. ಆದರೆ ಮನೆಗಾಗಿ ಅಲೆಯುವವನಿಗೆ ನೋಂದಣಿ ಪತ್ರವನ್ನು ಕೇಳುವ ಧೈರ್ಯವೆಲ್ಲಿಯದು? ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯು ಠೇವಣಿಯನ್ನು ವಾಸದ ಮನೆಗೆ ಎರಡು ತಿಂಗಳ ಹಾಗೂ ವಾಣಿಜ್ಯ ಮಳಿಗೆಗೆ ಆರು ತಿಂಗಳ ಬಾಡಿಗೆಗೆ ಸೀಮಿತಗೊಳಿಸಿದೆ. ರಾಜ್ಯಗಳು ಶಾಸನ ರೂಪಿಸದ ಹೊರತು ಅದು ಕಾಗದದ ಮೇಲಿನ ಸಲಹೆಯಷ್ಟೆ.

ಮನೆಯೊಡೆಯರ ಅಳುಕು ನಿರಾಧಾರವಲ್ಲ. ಬಾಕಿ ಉಳಿಸಿಕೊಂಡು ಮನೆ ತೆರವು ಮಾಡದವರೂ ಇದ್ದಾರೆ. ಅದಕ್ಕೆ ಪರಿಹಾರ ಶೀಘ್ರ ನ್ಯಾಯವೇ ಹೊರತು ಭಾರಿ ಮುಂಗಡವಲ್ಲ. ಮಾದರಿ ಕಾಯ್ದೆ ಬಾಡಿಗೆ ನ್ಯಾಯಾಲಯಕ್ಕೆ 60 ದಿನಗಳ ಗುರಿಯನ್ನು ವಿಧಿಸಿದೆ. ತೆರಿಗೆ, ವಿದ್ಯುತ್ ದರಗಳ ಕುರಿತು ಸರ್ಕಾರಕ್ಕೆ ಮನವಿ ಸಲ್ಲಿಸುವ ವಾಣಿಜ್ಯ ಸಂಸ್ಥೆಗಳು ಮುಂಗಡದ ಮಿತಿಯನ್ನೂ ದಲ್ಲಾಳಿಗಳ ನೋಂದಣಿಯನ್ನೂ ಬೇಡಿಕೆಪಟ್ಟಿಗೆ ಸೇರಿಸುವುದು ಯುಕ್ತ. ನೆಲೆಯಿಲ್ಲದ ಕಾರ್ಮಿಕ ಕಾರ್ಖಾನೆಯಲ್ಲಿಯೂ ಬಹುಕಾಲ ನಿಲ್ಲಲಾರ.